ಸುಮ್ಮನಿದ್ದ ಕಾಯಿಗಳು

ಮೌನವೇ ಜ್ಞಾನದ ಗುರುತು ಎಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ಅದನ್ನು ನಂಬಿಕೊಂಡೇ ತಿಪಟೂರಿನ ಸೊಸೆಯಾದೆ.

ನಮ್ಮ ಬೀದಿಗೆ ಕೇಬಲ್ ಟಿವಿ ಬಂದ ವರ್ಷ, ನಾದಿನಿಯ ಮಡಿಲು ತುಂಬಲು ಐದು ಉಂಡೆ ಕೊಬ್ಬರಿ ಬೇಕಾಗಿತ್ತು. ಚೂರಾದದ್ದು ಮಡಿಲಿಗೆ ಆಗದು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಗಳಲ್ಲಿ ಆರಿಸುವ ಕೆಲಸವನ್ನು ಅತ್ತೆ ಮೊದಲ ಸಲ ನನಗೆ ಒಪ್ಪಿಸಿದರು.

ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಕೆಲವುಗಳಲ್ಲಿ ನೀರು ಕುಲುಕಿತು, ಕೆಲವು ಗೊಡಗೊಡ ಎಂದವು. ಒಂದಿಷ್ಟು ಮಾತ್ರ ಗಂಭೀರವಾಗಿ ಸುಮ್ಮನಿದ್ದವು. ಅವುಗಳಲ್ಲೇ ಐದನ್ನು ತಂದು ಒಡೆದೆ. ಕೊಬ್ಬರಿ ಚಿಪ್ಪಿಗೆ ಕಚ್ಚಿಕೊಂಡಿತ್ತು, ಐದೂ ಚೂರಾದವು.

"ಸುಮ್ನಿರೋದೆಲ್ಲಾ ಒಣಗೈತೆ ಅಂದ್ಕಂಡ್ಯೇನೇ? ನೀರು ಇಂಗೈತೆ, ಚಿಪ್ಪು ಬಿಟ್ಟಿಲ್ಲ ಕಣೇ. ಬಿಟ್ಟಿದ್ದು ಗೊಡಗೊಡ ಅಂತೈತೆ," ಎಂದು ಅತ್ತೆ ನಕ್ಕರು. ಜಗಲಿಯಲ್ಲಿ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದ ಮಾವನವರ ಕಡೆ ಗದ್ದ ತೋರಿಸಿ, "ಅಗೋ, ನಲವತ್ತು ವರ್ಷದಿಂದ ಚಿಪ್ಪಿಗೆ ಕಚ್ಕಂಡೇ ಅವ್ರೆ," ಎಂದರು.

ಮಾವ ಕಣ್ಣು ತೆರೆಯದೆಯೇ, "ಕಾಫಿ ಆಯ್ತೇನೇ?" ಎಂದರು.

ನಾನು ಮತ್ತೆ ಅಟ್ಟ ಹತ್ತಿ, ಈ ಸಲ ಬಾಯಿಬಡುಕ ಕಾಯಿಗಳನ್ನೇ ಆರಿಸಿದೆ. ಐದೂ ಉಂಡೆಯಾಗಿಯೇ ಹೊರಬಂದವು. ಸಿಸ್ಟರಿಗೂ ಗೊಡಗೊಡ ಎನ್ನುವ ಕಾಯಿಯೊಂದನ್ನು ಕಳಿಸೋಣವೆನ್ನಿಸಿತು.