ಎತ್ತಿ ನೋಡಬಾರದ ಗಿಡ

ಚಪ್ಪಲಿಗೆ ಕಾಲು ಹಿಡಿಸಲಿಲ್ಲ. ಶುರುವಾಗಿದ್ದು ಅಷ್ಟರಿಂದಲೇ.

ಭಾನುವಾರ ಬೆಳಿಗ್ಗೆ ಮಂಜುಳಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತನ್ನ ಆರ್ಕಿಡ್ ಗಿಡವನ್ನು ಹೊಸ ಡಬ್ಬಕ್ಕೆ ಬದಲಾಯಿಸುತ್ತಿದ್ದಳು. ವೇಮಗಲ್‌ನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಅವಳದು; ಜೊತೆಯವಳೊಬ್ಬಳು ಕೊಟ್ಟ ಗಿಡ. ಅದುವರೆಗೂ ಮರದ ತೊಗಟೆಯ ಚೂರುಗಳಲ್ಲಿ ಬೆಳೆದಿತ್ತು. ಬೇರು ತೊಳೆದು, ಗಾಜಿನಂಥ ಪ್ಲಾಸ್ಟಿಕ್ ಡಬ್ಬದಲ್ಲಿ ಸುಟ್ಟ ಮಣ್ಣಿನ ಗುಂಡುಗಳ ನಡುವೆ ಕೂರಿಸಿ, ತಳದಲ್ಲಿ ಎರಡು ಬೆರಳು ನೀರು ನಿಲ್ಲಿಸಿದಳು. ಗುಂಡುಗಳೇ ನೀರನ್ನು ಮೇಲಕ್ಕೆಳೆದು ಬೇರಿಗೆ ಕೊಡುತ್ತವಂತೆ. ಫೋನಿನಲ್ಲಿ ನೋಡಿ ಕಲಿತಿದ್ದಳು. ಎದ್ದು ಚಪ್ಪಲಿಗೆ ಕಾಲು ತೂರಿಸಿದರೆ ತೂರಲಿಲ್ಲ.

"ಮಾವ, ಕಾಲು ಊದೈತೆ ನೋಡು."

ನಾನು ಮದುವೆಯಾಗಿದ್ದು ನನ್ನ ಅಕ್ಕನ ಮಗಳನ್ನೇ. ಚಿಕ್ಕಂದಿನಿಂದ ಬಾಯಿಗೆ ಕೂತ 'ಮಾವ' ಇಂದಿಗೂ ಹಾಗೇ ಇದೆ.

"ಕೂತೂ ಕೂತೂ ಹಂಗಾಗಿರ್ತದೆ ಬಿಡೇ" ಎಂದೆ. ವಕ್ಕಲೇರಿಯ ನಮ್ಮ ತೋಟದಲ್ಲಿ ಟೊಮೆಟೊಗೆ ಔಷಧಿ ಹೊಡೆಯಬೇಕಿತ್ತು. ನಾನು ಯಾವತ್ತೂ ಎಲ್ಲಿಗೋ ಹೊರಟೇ ಇರುವ ಮನುಷ್ಯ.

ಹತ್ತು ದಿನಕ್ಕೆ ಮುಖವೂ ಊದಿತು. ಕೋಲಾರದ ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್, ಸ್ಕ್ಯಾನಿಂಗ್. ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. "ಎರಡೂ ಕಿಡ್ನಿ ಹೋಗಿವೆ. ಡಯಾಲಿಸಿಸ್ ಶುರು ಮಾಡ್ಲೇಬೇಕು."

ಅವಳಿಗೆ ಮೂವತ್ತೆಂಟು.

ಕುತ್ತಿಗೆಗೆ ಕ್ಯಾಥೆಟರ್ ಹಾಕಿದರು. ಅದು ತಾತ್ಕಾಲಿಕ. ಬಹಳ ದಿನ ಇಟ್ಟರೆ ಇನ್‌ಫೆಕ್ಷನ್ ಭಯ. ಅದಕ್ಕೇ ಎಡಗೈ ಮಣಿಕಟ್ಟಿನಲ್ಲಿ ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಸೇರಿಸಿದರು. ಫಿಸ್ಟುಲಾ ಅನ್ನುತ್ತಾರೆ. ಆ ನಾಳ ದಪ್ಪವಾಗಿ ಬಲಿತರೆ ಮುಂದೆ ಸೂಜಿ ಅಲ್ಲಿಗೇ. "ಆರು ವಾರ, ಎಂಟು ವಾರ ಆಗ್ಬೋದು. ಕೆಲವ್ರಿಗೆ ಬಲಿಯೋದೇ ಇಲ್ಲ. ಕಾಯ್ಬೇಕು ಅಷ್ಟೇ" ಎಂದರು ಡಾಕ್ಟರು. ಬೆರಳಿಟ್ಟರೆ ಒಳಗೆ ಗುಂಯ್ ಎಂದು ಅದುರಬೇಕು. ಅದುರುವುದು ನಿಂತರೆ ಫಿಸ್ಟುಲಾ ಸತ್ತಂತೆ.

ಕಾಯಬೇಕು ಅಷ್ಟೇ! ಯಾರಿಗೆ ಹೇಳುತ್ತಿದ್ದಾರೆ ಅಂತ ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಗಂಟೆಗೊಮ್ಮೆ ಅವಳ ಕೈ ಹಿಡಿದು ನೋಡತೊಡಗಿದೆ. ತೋಟದಿಂದ ಓಡಿ ಬಂದು ನೋಡುತ್ತಿದ್ದೆ. ಉಣ್ಣುತ್ತಿದ್ದವಳ ಕೈ ಎಳೆದು ನೋಡುತ್ತಿದ್ದೆ. ಒಂದು ಸಲ ಅದುರುವುದು ಸಿಗದೆ ಜೀವವೇ ಬಾಯಿಗೆ ಬಂತು. ನಾನು ಬಲಗೈ ಹಿಡಿದಿದ್ದೆ.

ದಿನಕ್ಕೆ ಅವಳಿಗೆ ಮುಕ್ಕಾಲು ಲೀಟರ್ ನೀರು. ಮಾತ್ರೆಗೆ, ಕಾಫಿಗೆ, ಸಾರಿಗೆ ಎಲ್ಲ ಸೇರಿ ಅಷ್ಟೇ. ಬೆಳಿಗ್ಗೆ ಅಳೆದು ಬಾಟಲಿಗೆ ತುಂಬಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವಳು ತುಟಿ ಸವರಿಕೊಳ್ಳುತ್ತಾ ಬಾಟಲಿಯನ್ನೇ ನೋಡುತ್ತಿರುತ್ತಿದ್ದಳು. ಬೋರ್‌ವೆಲ್ ಮೋಟಾರಿನ ಸದ್ದು ಕೇಳಿದರೆ ಆ ಕಡೆ ತಿರುಗುತ್ತಿದ್ದಳು. ಅವಳ ಕಣ್ಣೆದುರು ಒಂದು ಲೋಟ ನೀರು ಕುಡಿಯಲು ನನಗೆ ಕಳ್ಳತನ ಮಾಡಿದಂತಾಗುತ್ತಿತ್ತು.

ಕಿಟಕಿಯಲ್ಲಿದ್ದ ಗಿಡವೂ ಸೊರಗಿತ್ತು. ತಳದಲ್ಲಿ ನೀರಿದೆ, ಎಲೆಗಳು ಮಾತ್ರ ಸುಕ್ಕುಗಟ್ಟಿವೆ. ನಾನು ಮತ್ತಷ್ಟು ನೀರು ಸುರಿಯಲು ಹೋದಾಗ ಅವಳು ತಡೆದಳು.

"ಬೇಡ ಮಾವ. ಹಳೇ ಬೇರಿಗೆ ಹಿಂಗೆ ಕುಡ್ಯೋದು ಗೊತ್ತಿಲ್ಲ. ಅವು ಕೊಳೀತವೆ. ಇದಕ್ಕೇ ಅಂತ ಹೊಸ ಬೇರು ಬರ್ಬೇಕು. ಅಲ್ಲಿಗಂಟ ಕದಲಿಸ್ಬಾರ್ದು." ಆಮೇಲೆ ತನ್ನ ಊದಿದ ಪಾದ ನೋಡಿಕೊಂಡು, "ಅದೂ ನನ್ನಂಗೇ. ಮೈಯೆಲ್ಲಾ ನೀರು, ಬಾಯಿ ಒಣಗೈತೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕದಲಿಸಬಾರದು ಅಂದರೆ ಕೈ ಕೇಳಬೇಕಲ್ಲ? ಅವಳು ಮಲಗಿದ್ದಾಗ ಗಿಡವನ್ನು ಎತ್ತಿ ನೋಡಿದೆ. ಎರಡು ದಿನ ಬಿಟ್ಟು ಮತ್ತೆ ಎತ್ತಿದೆ. ಮೂರನೇ ಸಲ ಎತ್ತಿದಾಗ ಹಸಿರು ಮೊಳಕೆಯಂಥ ಹೊಸ ಬೇರಿನ ತುದಿ ಗುಂಡುಗಳ ನಡುವೆ ಸಿಕ್ಕಿ ಟಕ್ಕನೆ ಮುರಿಯಿತು. ಮೂವತ್ತು ವರ್ಷದಿಂದ ಬೇಸಾಯ ಮಾಡುವವನು, ಬಿತ್ತಿದ್ದನ್ನು ಕೆದಕಬಾರದೆಂದು ಊರಿಗೆಲ್ಲ ಹೇಳುವವನು! ತುದಿಯನ್ನು ಜೇಬಿಗೆ ಹಾಕಿಕೊಂಡು ಗಿಡವನ್ನು ಹಾಗೇ ಕೂರಿಸಿಟ್ಟೆ. ಅವಳಿಗೆ ಹೇಳಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೂ ಮುಂದಿತ್ತು.

ಮುಳಬಾಗಿಲಿನಿಂದ ಅಕ್ಕ, ಅಂದರೆ ಮಂಜುಳಾಳ ಅಮ್ಮ, ಬಂದಳು; ಚೀಲದ ತುಂಬ ಎಳನೀರು. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಬರಿಗೈಲಿ ಯಾರೂ ಹೋಗುವುದಿಲ್ಲ. "ತಂಪು ಕಣೋ, ನರಗಳಿಗೆ ಒಳ್ಳೇದು" ಎಂದಳು. ನಾನೇ ಕೊಚ್ಚಿದೆ. ನನ್ನ ಜಾಣತನ ಕೇಳಿ: ಎಳನೀರನ್ನು ಅಳೆದು, ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿದೆ. ಲೆಕ್ಕ ಸರಿಯಾಯಿತಲ್ಲ! ಎರಡು ದಿನ, ನಾಲ್ಕು ಕಾಯಿ. ಮಂಜುಳಾ ಕಣ್ಣು ಮುಚ್ಚಿಕೊಂಡು ಗುಟುಕು ಗುಟುಕಾಗಿ ಕುಡಿದಳು. ಅವಳ ಮುಖದಲ್ಲಿ ಅಂಥ ಸುಖ ನೋಡಿ ಎಷ್ಟು ದಿನವಾಗಿತ್ತು.

ಆಸ್ಪತ್ರೆಯವರು ಡಯಟ್ ಚೀಟಿ ಕೊಟ್ಟಿದ್ದರು. ಮೊದಲ ಸಾಲಿನಲ್ಲಿ ನೀರಿನ ಅಳತೆ ಇತ್ತು. ಅಷ್ಟು ಓದಿ, ಗೊತ್ತಾಯಿತು ಬಿಡು ಎಂದು ಮಡಿಚಿಟ್ಟಿದ್ದೆ. ಪೊಟ್ಯಾಷಿಯಂ ಕಮ್ಮಿ ಇರಲಿ ಎಂದು ಡಾಕ್ಟರು ಬಾಯಲ್ಲೂ ಹೇಳಿದ್ದರು. ನನಗೆ ಗೊತ್ತಿದ್ದ ಪೊಟ್ಯಾಷ್, ಟೊಮೆಟೊ ಬಣ್ಣ ಕಟ್ಟಲೆಂದು ತೋಟದ ಡ್ರಿಪ್‌ನಲ್ಲಿ ಬಿಡುವ ಗೊಬ್ಬರ. ಅದು ಎಳನೀರಿನಲ್ಲಿ ಇರುತ್ತದೆ ಎಂದು ನಾನು ಯೋಚಿಸಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವಳು ಮಂಚದಿಂದ ಏಳಲಿಲ್ಲ. "ಮಾವ, ಕಾಲು ಎತ್ತಕ್ಕೇ ಆಗ್ತಿಲ್ಲ" ಎಂದಳು.

"ಅಯ್ಯೋ ದೇವುಡಾ" ಎಂದು ಅಕ್ಕ ಕಾರು ಕರೆಯಲು ಬೀದಿಗೆ ಓಡಿದಳು. ಕೋಲಾರದವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ಮಂಜುಳಾಳ ತಲೆ ನನ್ನ ತೊಡೆಯ ಮೇಲೆ. ಇಸಿಜಿ ನೋಡಿದ ಡಾಕ್ಟರು ಓಡಿದರು. ಡಾಕ್ಟರು ಓಡುವುದನ್ನು ನಾನು ಅವತ್ತೇ ನೋಡಿದ್ದು. ಇಂಜೆಕ್ಷನ್ ಕೊಟ್ಟು, ತಕ್ಷಣ ಡಯಾಲಿಸಿಸ್‌ಗೆ ಹಾಕಿದರು.

"ಏನ್ ಕೊಟ್ರಿ?"

ಹೇಳಿದೆ.

"ಇನ್ನರ್ಧ ಗಂಟೆ ತಡ ಮಾಡಿದ್ರೆ ಹಾರ್ಟ್ ನಿಂತುಬಿಡ್ತಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕು ಗಂಟೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಅಕ್ಕ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. "ಲೇ, ತಂದೋಳು ನಾನು ಕಣೋ" ಎಂದಳು. ಚೀಟಿ ಓದದೆ ಮಡಿಚಿಟ್ಟವನು ನಾನು. ಮಂಜುಳಾಳನ್ನು ಉಳಿಸಬೇಕೆಂದು ಒದ್ದಾಡಿದ ಕೈಯಿಂದಲೇ ಅವಳನ್ನು ಕಳೆದುಕೊಳ್ಳುತ್ತಿದ್ದೆ.

ಕಣ್ಣು ಬಿಟ್ಟ ಮಂಜುಳಾ ಮೊದಲು ಕೇಳಿದ್ದು ಫಿಸ್ಟುಲಾ ಬಗ್ಗೆ. ನೋಡಿದೆ. ಅದುರುತ್ತಿತ್ತು, ಸಣ್ಣಗೆ. ನನಗೆ ತಡೆಯಲಾಗಲಿಲ್ಲ. ಎಳನೀರಿನ ವಿಷಯ, ಚೀಟಿಯ ವಿಷಯ, ಮುರಿದ ಬೇರಿನ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿದೆ.

"ಬೇರಿಂದು ಗೊತ್ತಿತ್ತು" ಎಂದಳು. "ನಿನ್ ಅಂಗಿ ಒಗ್ಯೋವಾಗ ಜೇಬಲ್ಲಿ ಸಿಕ್ತು ಅಂತ ಅಮ್ಮ ಕೊಟ್ಳು." ಆಮೇಲೆ, "ಮಾವ, ಒಂದು ಮಾತು. ಗಿಡ ಮುಟ್ಬೇಡ. ನನ್ ಕೈ ದಿನಕ್ಕೆ ಮೂರೇ ಸಲ ನೋಡ್ಬೇಕು. ನೀನು ಪರದಾಡೋದು ನೋಡಿ ನಂಗೆ ಇನ್ನೂ ಭಯ ಆಗ್ತದೆ" ಎಂದಳು.

ಒಪ್ಪಿಕೊಂಡೆ. ಡಯಟ್ ಚೀಟಿಯನ್ನು ಕೊನೇ ಸಾಲಿನವರೆಗೆ ಓದಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ತರಕಾರಿಯನ್ನು ಬೇಯಿಸಿ ನೀರು ಬಸಿಯುವುದನ್ನು ಕಲಿತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಸಲ ಮಣಿಕಟ್ಟು. ನಡುವಿನ ಹೊತ್ತು ಕಳೆಯುವುದಿದೆಯಲ್ಲ, ಅಂಥ ಕಷ್ಟ ಯಾವ ಬೇಸಾಯದಲ್ಲೂ ನನಗೆ ಬಂದಿರಲಿಲ್ಲ. ಕಿಟಕಿ ದಾಟುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ನನ್ನನ್ನು ನೋಡಿ ಅಕ್ಕ, "ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ, ನಿಂಗೆ ಈಗ ಬಂತೇನ್ಲಾ" ಎಂದಳು.

ಆರು ವಾರವಾಯಿತು. ಬಲಿತಿಲ್ಲ ಎಂದರು. ಎಂಟು ವಾರವಾಯಿತು. ಇನ್ನೂ ಸ್ವಲ್ಪ ಎಂದರು.

ಹತ್ತನೇ ವಾರ ಟೆಕ್ನೀಷಿಯನ್ ಮಣಿಕಟ್ಟು ಒತ್ತಿ ನೋಡಿ, "ಇವತ್ತು ಇಲ್ಲೇ ಹಾಕೋಣಮ್ಮ" ಎಂದ. ಸೂಜಿ ಒಳಗೆ ಹೋಯಿತು. ಮಂಜುಳಾ ಹಲ್ಲು ಕಚ್ಚಿದಳು. ಪೈಪಿನಲ್ಲಿ ರಕ್ತ ಸರಾಗವಾಗಿ ಓಡಿತು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಕಿಡ್ನಿಗಳು ಮರಳಿ ಬಂದಿಲ್ಲ, ಬರುವುದೂ ಇಲ್ಲ. ವಾರಕ್ಕೆರಡು ಸಲ ಕೋಲಾರ ತಪ್ಪಿಲ್ಲ. ಆದರೆ ಕುತ್ತಿಗೆಯ ಪೈಪು ಹೋಗಿದೆ. ಅವಳು ಮಗ್ಗುಲಾಗಿ ಮಲಗುತ್ತಾಳೆ.

ನಿನ್ನೆ ಸಂಜೆ ಕಿಟಕಿಯ ಬಳಿ ನಿಂತು ಕರೆದಳು. ಎಲೆಗಳಲ್ಲಿ ಹಳೆಯ ಸುಕ್ಕು ಹಾಗೇ ಇತ್ತು. ಡಬ್ಬದ ಗೋಡೆಗೆ ಒತ್ತಿಕೊಂಡು, ಗುಂಡುಗಳ ನಡುವಿನಿಂದ ನೀರಿನ ಕಡೆಗೆ ಒಂದು ಹೊಸ ಬೇರು ಇಳಿದಿತ್ತು.

"ಮಾವ, ಎತ್ತಿ ನೋಡೋಣ್ವಾ? ಒಳಗೆ ಇನ್ನೆಷ್ಟಿವ್ಯೋ" ಎಂದಳು.

"ಬೇಡ ಕಣೇ. ಇರ್ಲಿ ಬಿಡು."

ಜೋರಾಗಿ ನಕ್ಕಳು. ಆಮೇಲೆ ತಾನಾಗಿ ಎಡಗೈ ಚಾಚಿ ನನ್ನ ಬೆರಳುಗಳನ್ನು ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು. ಆ ದಿನಕ್ಕೆ ಅದು ನಾಲ್ಕನೇ ಸಲ.