ಕೀವಾಗದ ಗಾಯ

ಅವ್ವನ ಎಡಗಾಲಿನ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿದ ವಾರ ನಾನು ಎಲ್ಲವನ್ನೂ ಸಂಶಯದಿಂದ ನೋಡುತ್ತಿದ್ದೆ, ಆ ಮುಳ್ಳೊಂದನ್ನು ಬಿಟ್ಟು.

ಅವಳ ಎಲುಬಿನೊಳಗಿನ ಮಜ್ಜೆ ರಕ್ತದ ಕಣಗಳನ್ನು ಸರಿಯಾಗಿ ಬೆಳೆಸುತ್ತಿಲ್ಲ ಎಂದು ಹುಮನಾಬಾದಿನ ಡಾಕ್ಟರಮ್ಮ ಹೇಳಿ ಆಗ ನಾಲ್ಕು ತಿಂಗಳಾಗಿತ್ತು. ನಾನು ಬಿ.ಎಸ್ಸಿ. ಓದಿದವನು. ಹುಮನಾಬಾದಿನ ಒಂದು ಔಷಧ ಕಾರ್ಖಾನೆಯಲ್ಲಿ ಗುಳಿಗೆಗಳನ್ನು ಪರೀಕ್ಷಿಸುವ ಕೆಲಸ. ಬಸವಕಲ್ಯಾಣದ ಮಗ್ಗುಲಿನ ನಮ್ಮ ಊರಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಶಯ ಪಡುವುದಕ್ಕೇ ನನಗೆ ಪಗಾರ ಕೊಡುತ್ತಾರೆಂದು ಅವ್ವ ನಗುತ್ತಿದ್ದಳು. ರೋಗ ಗೊತ್ತಾದ ಮೇಲೆ ಆ ಚಟ ಮನೆಯೊಳಗೂ ಬಂತು. ನನ್ನ ಅಂಗಿಗೆ ಹತ್ತಿದ ಕಾರ್ಖಾನೆಯ ವಾಸನೆಯೇ ಇದನ್ನು ತಂದಿತೇನೋ ಎಂದು ಅಂಗಿಯನ್ನು ಅಂಗಳದಲ್ಲೇ ಕಳಚುತ್ತಿದ್ದೆ. ಕೆಮ್ಮುತ್ತಿದ್ದ ಪಕ್ಕದ ಮನೆಯ ಕಾಕಿಯನ್ನು ಹೊಸ್ತಿಲಲ್ಲೇ ತಡೆದೆ. ಮೊಸರು ಮೂಸಿದೆ. ಕುಡಿಯುವ ನೀರನ್ನು ಲೋಟದಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದೆ.

ಡಾಕ್ಟರಮ್ಮನ ಮೇಲೂ ನಂಬಿಕೆಯಿರಲಿಲ್ಲ. ರಿಪೋರ್ಟಿನಲ್ಲಿ ಬಿಳಿಕಣಗಳ ಸಂಖ್ಯೆ ಸರಿಯಾಗಿಯೇ ಇತ್ತು. ಅದರ ಮೇಲೆ ಬೆರಳಿಟ್ಟು ತೋರಿಸಿದ್ದೆ.

"ಎಣಿಸಾಕ ಅದಾವ್ರಿ, ಕೆಲಸಕ್ಕ ಬರಂಗಿಲ್ಲ," ಅಂದಿದ್ದರು. "ಸಣ್ಣ ಗಾಯ ಆದ್ರೂ ತೋರಸ್ರಿ."

ಸುಮ್ಮನೆ ಹೆದರಿಸಿ ಮತ್ತೆ ಮತ್ತೆ ಕರೆಸಿಕೊಳ್ಳುವ ಮಾತಿದು ಎಂದುಕೊಂಡೆ. ಸಂಖ್ಯೆಯನ್ನು ನಂಬಿದೆ.

ಮುಳ್ಳು ತೆಗೆದವನು ಅಪ್ಪ. ನಮ್ಮದು ಕುರಿ ಕಾಯುವ ಮನೆ. ಕುರಿಯ ಕಾಲಿಗೆ ಮುಳ್ಳು ಮುರಿದರೆ ಅಪ್ಪ ಎರಡೂ ಹೆಬ್ಬೆರಳುಗಳಿಂದ ಆಚೀಚೆ ಒತ್ತುತ್ತಾನೆ, ಬಗ್ಗಿ ಮೂಸುತ್ತಾನೆ. ಕೀವು ಬಂದರೆ ಆ ಕುರಿ ಹಟ್ಟಿಯಲ್ಲೇ ಉಳಿಯುತ್ತದೆ, ಬರದಿದ್ದರೆ ಮರುದಿನ ಮೇಯಲು ಹೋಗುತ್ತದೆ. ಅವ್ವನ ಹಿಮ್ಮಡಿಯನ್ನೂ ಮೂರು ದಿನ ಹಾಗೆಯೇ ಒತ್ತಿ ನೋಡಿ ಅರಿಷಿಣ ಮೆತ್ತಿದ.

"ನನಗ ಸುದ್ದಾ ಕುರಿ ಮಾಡಿದಿ," ಅವ್ವ ಕಾಲು ಎಳೆದುಕೊಂಡಳು.

"ಕುರಿನೇ ಛಲೋ, ಇಷ್ಟ್ ಮಾತಾಡಂಗಿಲ್ಲ. ನೋಡ್ ತಮ್ಮಾ, ಒಂದ್ ಹನಿ ಕೀವಿಲ್ಲ. ಮಾಯಾಕತ್ತದ."

ನಾನೂ ನೋಡಿದೆ. ಎಳ್ಳಿನಷ್ಟು ಕಪ್ಪು ಚುಕ್ಕೆ. ಬಾವಿಲ್ಲ, ಕೆಂಪಿಲ್ಲ. ಆ ಸಂಜೆ ಅವ್ವ ಊಟ ಬಿಟ್ಟಾಗ ಮೊಸರನ್ನೇ ದೂರಿ ತಿಪ್ಪೆಗೆ ಚೆಲ್ಲಿದೆ.

ನಾಲ್ಕನೆಯ ದಿನ ಬೆಳಿಗ್ಗೆ, ಹಟ್ಟಿಯಲ್ಲಿ ಕುರಿಗಳು ಇನ್ನೂ ಅರಚುತ್ತಿರುವಾಗಲೇ ಅವ್ವ, "ಕುರಿ ತಿರುಗಿ ಬಂದ್ವಾ?" ಎಂದು ಕೇಳಿದಳು. ಅಪ್ಪ ನಕ್ಕ. ಅವಳು ಅದನ್ನೇ ಮತ್ತೆ ಕೇಳಿದಳು, ನಮ್ಮಿಬ್ಬರ ನಡುವಿನ ಗೋಡೆಯನ್ನು ನೋಡುತ್ತ. ಕೈ ಹಿಡಿದೆ. ಬೆರಳುಗಳು ತಣ್ಣಗಿದ್ದವು, ಕುತ್ತಿಗೆ ಸುಡುತ್ತಿತ್ತು.

ಬಾಡಿಗೆ ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹುಮನಾಬಾದಿನ ಮಾರುಕಟ್ಟೆಯ ಮುಂದೆ ತೊಗರಿ ಚೀಲ ಹೇರಿದ ಟ್ರ್ಯಾಕ್ಟರುಗಳು ಅಡ್ಡಲಾಗಿ ನಿಂತಿದ್ದವು. ನಾನು ಇಳಿದು ಕೂಗಾಡಿದೆ. ಇಂದಿಗೂ ಅಲ್ಲಿ ಬಸ್ಸು ನಿಧಾನವಾದರೆ ನಾನು ಸೀಟಿನಿಂದ ಎದ್ದು ನಿಲ್ಲುತ್ತೇನೆ.

ಡಾಕ್ಟರಮ್ಮ ಹಿಮ್ಮಡಿಯನ್ನು ಮುಟ್ಟಿದ್ದೇ ತಡ, ಅವ್ವ ಚೀರಿದಳು.

"ಎಷ್ಟ್ ದಿನ ಆತ್ರಿ ಇದು?"

"ಕೀವು ಆಗಿಲ್ರಿ ಡಾಕ್ಟರ್ ಬಾಯಾರ," ಅಪ್ಪ ಅಂದ. ದನಿಯಲ್ಲಿ ಇನ್ನೂ ಭರವಸೆಯಿತ್ತು.

"ಕೀವು ಅಂದ್ರ ಏನ್ರಿ? ಬಿಳಿಕಣ ಓಡಿ ಬಂದು, ರೋಗದ ಹುಳದ ಜೋಡಿ ಬಡಿದಾಡಿ ಸತ್ತ ಗುರ್ತು. ಇವರ ಕಣ ಗಾಯದ ತನಕ ಬಂದೇ ಇಲ್ಲ. ಬಡಿದಾಟನೇ ಆಗಿಲ್ಲ. ಹುಳ ಸೀದಾ ರಕ್ತಕ್ಕ ಹೋಗ್ಯಾವ."

ಅಪ್ಪ ತನ್ನ ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಸಣ್ಣ ಗಾಯವನ್ನೂ ತೋರಿಸಿರೆಂದು ಹೇಳಿಸಿಕೊಂಡವನು ನಾನು. ಅಪ್ಪನಿಗೆ ಆ ಮಾತನ್ನು ತಿಳಿಸಿಯೇ ಇರಲಿಲ್ಲ.

ಹನ್ನೊಂದು ದಿನ ನರಕ್ಕೆ ಔಷಧ ಇಳಿಸಿದರು. ಅವ್ವ ಬದುಕಿದಳು. ಆದರೆ ಮಜ್ಜೆ ಬದಲಾಗಿಲ್ಲ. ಅವಳ ಕಣಗಳು ಇಂದಿಗೂ ಎಣಿಕೆಗೆ ಮಾತ್ರ ಇವೆ. ಈಗ ನನಗೆ ಅವಳ ಮಾತಿನ ಮೇಲೆಯೇ ಸಂಶಯ. ಮತ್ತೆ ದವಾಖಾನೆಗೆ ಕರೆದೊಯ್ಯುತ್ತೇವೆಂದು ಹೆದರಿ ನೋವನ್ನು ಮುಚ್ಚಿಡುತ್ತಾಳೆ ಅನಿಸುತ್ತದೆ.

ಹೋದ ಭಾನುವಾರ ಸುಡುಬಿಸಿಲಿನ ಮಧ್ಯಾಹ್ನ ಅವಳು ಕೌದಿ ಹೊದ್ದು ಕೂತಿದ್ದಳು.

"ಯಾಕ?"

"ಸುಮ್ನ. ಫ್ಯಾನಿನ ಗಾಳಿ."

ಫ್ಯಾನು ತಿರುಗುತ್ತಿರಲಿಲ್ಲ, ಕರೆಂಟೇ ಇರಲಿಲ್ಲ. ಕೌದಿ ಸರಿಸಿ ಅಂಗೈ, ಅಂಗಾಲು, ಬೆರಳ ಸಂದು, ಬಾಯೊಳಗೆ ಎಲ್ಲ ನೋಡಿದೆ. ಒಂದು ಗೀರೂ ಇರಲಿಲ್ಲ. ಹಣೆ ಕೂಡ ಬೆಚ್ಚಗಿರಲಿಲ್ಲ.

"ಆತಿಲ್ಲೋ ತಪಾಸ, ಪೊಲೀಸಪ್ಪಾ?" ಅವ್ವ ನಕ್ಕಳು.

ಅಪ್ಪ ಬಾಗಿಲಲ್ಲಿ ನಿಂತಿದ್ದ. "ಏನರ ಸಿಗ್ತೇನು?"

"ಏನೂ ಇಲ್ಲಪಾ."

ಅವನು ಗೂಟದ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. "ಅವತ್ತೂ ಏನೂ ಇದ್ದಿಲ್ಲ. ಜೀಪಿನವಗ ಫೋನ್ ಹಚ್ಚು," ಅಂದ.