ಹುದ್ದೆ ಹೋದ ಮೇಲೆ ಸೈಕಲ್ಲು

ಬೆಳಗಿನ ಹತ್ತು ಗಂಟೆಗೆ ನಮ್ಮ ಮನೆಯೊಳಗೆ ಏನೇನು ನಡೆಯುತ್ತದೆ ಎಂಬುದು ನನಗೆ ಐವತ್ತು ದಾಟುವ ತನಕ ಗೊತ್ತಿರಲಿಲ್ಲ. ಗಂಡಸರು ಕೆಲಸಕ್ಕೆ ಹೊರಟ ಮೇಲೆ ಮನೆ ಸಂಜೆಯವರೆಗೆ ತೂಕಡಿಸುತ್ತಿರುತ್ತದೆ ಎಂದೇ ನನ್ನ ಭಾವನೆ. ನಿಜಕ್ಕೂ ಮನೆ ಸೆರಗು ಸಿಕ್ಕಿಸಿಕೊಂಡು ಕಾರ್ಯಕ್ಕಿಳಿಯುವ ಹೊತ್ತೇ ಅದು. ಸೊಪ್ಪಿನವಳು ಬುಟ್ಟಿ ಇಳಿಸುತ್ತಾಳೆ; ಪಕ್ಕದ ಮನೆಯಾಕೆ ಒಂದಿಷ್ಟು ಹುಣಸೆಹಣ್ಣು ಕೇಳಲು ಬಂದು ಅರ್ಧ ಊರಿನ ಸಮಾಚಾರವನ್ನು ಬದಲಿಗೆ ಕೊಟ್ಟುಹೋಗುತ್ತಾಳೆ; ಮೊರ, ಒನಕೆ, ಒರಳು ಎಲ್ಲಕ್ಕೂ ಒಟ್ಟಿಗೆ ಮಾತು ಬರುತ್ತದೆ. ಇಂಥ ಹೊತ್ತಿನಲ್ಲಿ ನಡುಮನೆಯ ಕುರ್ಚಿಯಲ್ಲಿ ದಿನಪತ್ರಿಕೆಯನ್ನು ಎರಡನೆಯ ಸಲ ಓದುತ್ತ ಕುಳಿತ ಗಂಡನಿದ್ದಾನಲ್ಲ, ಓದುಗ ಮಹಾಶಯರೇ, ಅವನು ಮನೆಯ ಯಜಮಾನನಲ್ಲ, ದಾರಿಗೆ ಅಡ್ಡವಾಗಿರುವ ಒಂದು ಪೀಠೋಪಕರಣ.

ನಾನು ಆ ಪೀಠೋಪಕರಣ ಪದವಿಗೆ ಏರಿದ್ದು ಹೀಗೆ. ಕೋಲಾರದ ಚಿನ್ನದ ಗಣಿಯ ಒಂದು ಕಚೇರಿಯಲ್ಲಿ ನಾನು ನಕಾಶೆ ಬರೆಯುವ ಕೆಲಸದಲ್ಲಿದ್ದೆ. ಸರ್ವೆಯವರು ಪಾತಾಳಕ್ಕೆ ಇಳಿದು ಸುರಂಗಗಳನ್ನು ಅಳೆದು ತಂದರೆ ನಾನು ಫ್ಯಾನಿನ ಕೆಳಗೆ ಕುಳಿತು ಅವನ್ನು ಕಾಗದದ ಮೇಲೆ ಗೆರೆಗಳಾಗಿಸುತ್ತಿದ್ದೆ. ಚಿನ್ನವಿರುವ ದಾರಿಗೆ ಶಾಯಿ ಹಾಕುತ್ತ ಯೌವನ ಕಳೆದೆನೇ ಹೊರತು, ಹೆಂಡತಿಯ ಕಿವಿಯ ಓಲೆ ಬಿಟ್ಟರೆ ಚಿನ್ನವನ್ನು ಹತ್ತಿರದಿಂದ ನೋಡಿದವನಲ್ಲ. ಕೆಲಸ ಸ್ವಚ್ಛವಾಗಿತ್ತು, ಕ್ವಾರ್ಟರ್ಸು ಕಚೇರಿಗೆ ಕೂಗಳತೆಯಲ್ಲಿತ್ತು, ನಿವೃತ್ತಿ ಇನ್ನೂ ದೂರವಿತ್ತು.

ಒಂದು ಶನಿವಾರ ಮಧ್ಯಾಹ್ನ ಸಾಹೇಬರು ಕರೆದು ಕುಳಿತುಕೊಳ್ಳಲು ಹೇಳಿದರು. ಅದುವರೆಗೆ ಆ ಕೋಣೆಯಲ್ಲಿ ಯಾರೂ ನನಗೆ ಕುರ್ಚಿ ತೋರಿಸಿರಲಿಲ್ಲವಾದ್ದರಿಂದ, ಕೂರುವ ಮೊದಲೇ ನನಗೆ ವಿಷಯ ಅರ್ಥವಾಯಿತು. ನಮ್ಮ ಕಡೆಯ ಗಣಿಯಲ್ಲಿ ಅದಿರು ಬಡವಾಗಿದೆ, ಗಣಿಯನ್ನು ಮುಚ್ಚುತ್ತಾರೆ. ಹೊಸ ಸುರಂಗವಿಲ್ಲದ ಮೇಲೆ ಹೊಸ ನಕಾಶೆಯೂ ಬೇಕಿಲ್ಲ. ಸಾಹೇಬರು ಒಳ್ಳೆಯವರು, ಹೇಳುವಾಗ ನನ್ನ ಮುಖ ನೋಡಲಾರದೆ ಶಾಯಿ ಬುಡ್ಡಿಯನ್ನೇ ನೋಡುತ್ತಿದ್ದರು. ಇದಕ್ಕೆ ಕಚೇರಿಯ ಭಾಷೆಯಲ್ಲಿ ರಿಟ್ರೆಂಚ್‌ಮೆಂಟ್ ಎಂದು ಹೆಸರು. ನೆರೆಹೊರೆಯವರು ನನ್ನ ಮರ್ಯಾದೆ ಕಾಯಲು ರಿಟೈರಾದರು ಎಂದರು. ನಾನು ಮನೆಗೆ ಬಂದು, "ಹುದ್ದೆ ಹೋಯ್ತು ಕಣೇ, ಇನ್ನು ಮುದ್ದೆ ಮಾತ್ರ," ಎಂದು ಶ್ಲೇಷೆ ಮಾಡಿದೆ. ನನ್ನ ಹೆಂಡತಿ ರತ್ನಮ್ಮ ನಗಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಕಾಲು ತೊಳ್ಕೊಂಡು ಬನ್ನಿ, ಆ ಮುದ್ದೇನೂ ಆರೋಗ್ತೈತೆ," ಎಂದಳು.

ಅಂದು ಊಟ ಸೇರಲಿಲ್ಲ. ಯುಗಾದಿಯೊಳಗೆ ಕ್ವಾರ್ಟರ್ಸು ಬಿಡಬೇಕಿತ್ತು. ಮಗ ಕೋಲಾರದಲ್ಲಿ ಓದುತ್ತಿದ್ದ. ನಕಾಶೆ ಬರೆಯುವವನಿಗೆ ಗಣಿಯಾಚೆ ಯಾರು ಕೆಲಸ ಕೊಡುತ್ತಾರೆಂಬುದು ನನಗೆ ತಿಳಿಯದು.

ಮೊದಲ ವಾರಗಳಲ್ಲಿ ನನ್ನ ಕಾರ್ಯದಕ್ಷತೆ ಅಡುಗೆಮನೆಯ ಕಡೆ ತಿರುಗಿತು. ಡಬ್ಬಗಳನ್ನೆಲ್ಲ ಇಳಿಸಿ, ಎತ್ತರದ ಪ್ರಕಾರ ಜೋಡಿಸಿ, ಒಂದೊಂದಕ್ಕೂ ಗುಂಡಾದ ಅಕ್ಷರಗಳಲ್ಲಿ ಚೀಟಿ ಅಂಟಿಸಿದೆ. ನೋಡಲು ರಮಣೀಯವಾಗಿತ್ತು. ಆದರೆ ಕಣ್ಣು ಮುಚ್ಚಿ ಡಬ್ಬ ಎತ್ತುವ ಅಭ್ಯಾಸವಿದ್ದ ರತ್ನಮ್ಮ ಸಾಸಿವೆ ಎಂದುಕೊಂಡು ಮೆಂತ್ಯದ ಒಗ್ಗರಣೆ ಹಾಕಿದಳು. ಆ ಕಹಿ ಸಾರನ್ನು ಇಬ್ಬರೂ ಉಂಡೆವು. ಕೈ ತೊಳೆದ ಮೇಲೆ ಅವಳು ಸಮಾಧಾನವಾಗಿಯೇ ಹೇಳಿದಳು: "ಬೇಜಾರು ಮಾಡ್ಕೊಂಡು ಯೋಳ್ತಿಲ್ಲ. ತಿಂಡಿ ತಿಂದ್ಮೇಲೆ ಎಲ್ಲಾದ್ರೂ ಓಗಿ ಬನ್ನಿ. ನಿಮ್ಗೆ ಕೆಲ್ಸ ಓಗಿರಬೌದು, ನಂಗಿನ್ನೂ ಐತೆ."

ಹೀಗೆ ಗೃಹದಿಂದಲೂ ರಿಟ್ರೆಂಚ್ ಆದವನು ರಾಬರ್ಟ್‌ಸನ್‌ಪೇಟೆಯ ಒಂದು ಟೀ ಅಂಗಡಿಯ ಬೆಂಚು ಸೇರಿದೆ. ಅಲ್ಲಿ ನನ್ನಂಥವರ ಒಂದು ಸಭೆಯೇ ಇತ್ತು. ಅದರ ಅಧ್ಯಕ್ಷರು ಮುನುಸಾಮಿ; ಗಣಿಯೊಳಕ್ಕೆ ಜನರನ್ನು ಇಳಿಸುವ ಯಂತ್ರ ನಡೆಸುತ್ತಿದ್ದವರು, ನನ್ನ ಜೊತೆಯಲ್ಲೇ ಕೆಲಸ ಕಳೆದುಕೊಂಡವರು. "ಎಲ್ಲಾಂ ಪೋಚ್ಚು ಸಾರ್," ಎಂದು ತಮಿಳಿನಲ್ಲಿ ನಿಟ್ಟುಸಿರಿಟ್ಟು ಸಭೆ ಆರಂಭಿಸುತ್ತಿದ್ದರು, ಎಲ್ಲ ಹೋಯಿತೆಂಬ ಅರ್ಥದಲ್ಲಿ. ಆಮೇಲೆ ತಪ್ಪು ಯಾರದು ಎಂಬ ಚರ್ಚೆ. ದುಃಖಕ್ಕೆ ಜೊತೆ ಸಿಕ್ಕರೆ ಅದು ಎಷ್ಟು ಸುಖಕರವಾಗುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಒಂದು ಬೆಳಿಗ್ಗೆ ನಾನು ಆವೇಶದಿಂದ ಒಂದು ಮಾತು ಆಡುತ್ತಿದ್ದಾಗ ಅದನ್ನೇ ಹಿಂದಿನ ದಿನವೂ ಅದೇ ಲೋಟ ಹಿಡಿದು, ಅದೇ ಜಾಗದಲ್ಲಿ ದನಿ ಏರಿಸಿ ಆಡಿದ್ದೆನೆಂದು ಹೊಳೆಯಿತು. ನನ್ನ ಬಾಯೇ ನನಗೆ ಹಳೆಯದಾಗಿ ಕಂಡಿತು. ಮಾತು ಮುಗಿಸದೆ ಎದ್ದು, ಬಂಗಾರಪೇಟೆಯ ರೈಲು ಹತ್ತಿದೆ.

ಯಾಕೆ ಬಂಗಾರಪೇಟೆ ಎಂದರೆ ರೈಲು ಅಲ್ಲಿಗೇ ಹೋಗುತ್ತಿತ್ತು, ಅಷ್ಟೆ. ಸ್ಟೇಷನ್ನಿನ ಎದುರು ಬೀದಿಯಲ್ಲಿ ಒಂದೊಂದೇ ಅಂಗಡಿಯನ್ನು ಹೊಕ್ಕು ಕೆಲಸ ಕೇಳಿದೆ. ಮೊದಲ ಅಂಗಡಿಯಲ್ಲಿ ನಾಲಿಗೆ ಒಣಗಿತು. ಬರಬರುತ್ತ, ಇಲ್ಲ ಎನ್ನಿಸಿಕೊಳ್ಳುವುದೂ ಒಂದು ವಿದ್ಯೆ, ಅಭ್ಯಾಸದಿಂದ ಸುಲಭವಾಗುತ್ತದೆ ಎಂದು ತಿಳಿಯಿತು. ಬೀದಿಯ ತುದಿಯಲ್ಲಿ ಪಂಪ್‌ಸೆಟ್ ಮಾರುವ ಶೆಟ್ಟರೊಬ್ಬರು ನನ್ನನ್ನು ಕೂರಿಸಿ ಪೂರ್ತಿ ಕೇಳಿದರು.

"ಅಳ್ಳಿಗೆಲ್ಲ ಕರೆಂಟು ಬತ್ತಾ ಐತೆ ಸಾರ್," ಎಂದರು ಶೆಟ್ಟರು. "ರೈತರು ಪಂಪ್‌ಸೆಟ್ ಬೇಕಂತಾರೆ, ಎಲ್ಲಿ ಕೂರಿಸ್ಬೇಕು ಗೊತ್ತಾಗಲ್ಲ. ಬಾವಿ ನೋಡಿ, ಪೈಪು ಇಂಗಿಂಗೆ ಇಳೀತದೆ ಅಂತ ಕಾಗ್ದದಾಗೆ ಬರ್ದು ತೋರ್ಸೋರು ಬೇಕು. ನಿಮ್ಗೆ ಸೈಕಲ್ ಬತ್ತದಾ? ಕಾಮಸಮುದ್ರದ ಕಡೆ ಒಳಗಿನ ಅಳ್ಳಿಗಳ್ಗೆ ಬಸ್ಸಿಲ್ಲ."

"ಬರೋದಿಲ್ಲ," ಎಂದೆ. ಕಚೇರಿಗೆ ನಡೆದೇ ಹೋಗುತ್ತಿದ್ದವನಿಗೆ ಆ ವಾಹನದ ಅಗತ್ಯವೇ ಬಿದ್ದಿರಲಿಲ್ಲ. ಶೆಟ್ಟರು ಕೈ ಮುಗಿದು ಕಳಿಸುವವರಂತೆ ಕಂಡರು. ಅಷ್ಟರಲ್ಲಿ ನನ್ನ ಬಾಯಿಂದ ನನಗೇ ಆಶ್ಚರ್ಯವಾಗುವ ಮಾತು ಹೊರಟಿತು: "ಸಂಕ್ರಾಂತಿ ಕಳೀಲಿ. ಕೆ.ಜಿ.ಎಫ್.ನಿಂದ ಸೈಕಲ್ ಮೇಲೇ ಬಂದು ನಿಮ್ಮಂಗಡಿ ಮುಂದೆ ಇಳೀತೀನಿ."

"ಸರೇ ಸಾರ್, ಕಾಯ್ತೀನಿ," ಎಂದರು. ಕಾಯುವ ಉದ್ದೇಶ ಅವರ ದನಿಯಲ್ಲಿ ಸಂಕ್ರಾಂತಿಯ ಎಳ್ಳಿನಷ್ಟೂ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಬಾಡಿಗೆ ಸೈಕಲ್ಲೊಂದನ್ನು ತಳ್ಳಿಕೊಂಡು ಸೈನೈಡ್ ದಿಬ್ಬದ ಪಕ್ಕದ ಬಯಲಿಗೆ ಹೋದೆ. ಚಿನ್ನ ತೆಗೆದ ಮೇಲೆ ಉಳಿದ ಬೂದುಮಣ್ಣನ್ನು ಸುರಿದೂ ಸುರಿದೂ ಆದ ಗುಡ್ಡ ಅದು. ನನ್ನಂತೆಯೇ ಗಣಿಯಿಂದ ಹೊರಬಿದ್ದದ್ದು. ಅದರ ಸಮಕ್ಷಮದಲ್ಲಿ ನಾನು ಎಡಕ್ಕೂ ಬಲಕ್ಕೂ ಪಕ್ಷಪಾತವಿಲ್ಲದೆ ಬಿದ್ದೆ. ಮಂಡಿ ತರಚಿಕೊಂಡು ಮನೆಗೆ ಬಂದಾಗ ರತ್ನಮ್ಮ ಅರಿಸಿನ ಹಚ್ಚುತ್ತ, ಹೇಗೆ ಹತ್ತಿದಿರಿ, ಎಲ್ಲಿ ನೋಡುತ್ತಿದ್ದಿರಿ ಎಂದು ವೈದ್ಯರಂತೆ ವಿಚಾರಿಸಿ, "ನಾಳೆ ನಾನೂ ಬತ್ತೀನಿ," ಎಂದಳು.

ನಾನು ಬಿದ್ದಾಗ ಎತ್ತಲು ಬರುತ್ತಾಳೆ ಎಂದುಕೊಂಡೆ. ಬಯಲಿಗೆ ಬಂದವಳು ಅತ್ತಿತ್ತ ನೋಡಿದಳು, ಸೀರೆಯನ್ನು ಕಚ್ಚೆಯಂತೆ ಎಳೆದು ಸಿಕ್ಕಿಸಿಕೊಂಡಳು, ಸೈಕಲ್ಲಿನ ನಡುವಿನ ಸಂದಿಯಲ್ಲಿ ಕಾಲು ತೂರಿಸಿ ಓರೆಯಾಗಿ ನಿಂತು ಪೆಡಲು ತುಳಿದಳು. ನೋಡನೋಡುತ್ತ ಬಯಲನ್ನು ಒಂದು ಸುತ್ತು ಹಾಕಿ ನನ್ನ ಮುಂದೆ ಬಂದು ಇಳಿದಳು. ಮೂಗಿನ ಮೇಲೆ ಬೆವರಿತ್ತು, ಉಸಿರು ಏರಿತ್ತು, ಮುಖದಲ್ಲಿ ನಾನು ಎಂದೂ ನೋಡಿರದ ಒಂದು ಹುಡುಗಿ ಇದ್ದಳು.

"ನಮ್ಮಪ್ಪನ್ದು ಪಟೇಲಿಕೆ ಇತ್ತಲ್ಲ, ಸೈಕಲ್ ತಂದಿದ್ರು," ಎಂದಳು. "ಅಣ್ಣಂಗೆ ಕಲಿಸೋವಾಗ ನಾನೂ ಕಲ್ತೆ. ಕಾಮಸಮುದ್ರದ ಸಂತೆಗಂಟ ಓಗಿ ಬಂದಿದೀನಿ."

"ಇಷ್ಟು ವರ್ಷ ಹೇಳಲೇ ಇಲ್ಲವಲ್ಲ," ಎಂದೆ.

"ನೀವು ಕೇಳ್ಲೇ ಇಲ್ಲ," ಎಂದಳು.

ನೆಲದ ಒಳಗೆ ಎಲ್ಲೆಲ್ಲಿ ಏನೇನಿದೆ ಎಂದು ಗೆರೆ ಎಳೆದು ತೋರಿಸುತ್ತಿದ್ದ ನಾನು ಆ ಉತ್ತರ ಕೇಳಿ, ಶಿಷ್ಯನಂತೆ ತಲೆ ಬಾಗಿಸಿ ಸೈಕಲ್ಲು ಹಿಡಿದೆ. ನಂತರ ಪಾಠ ಶುರುವಾಯಿತು. ಅವಳು ಸೀಟು ಹಿಡಿದು ಹಿಂದೆ ಓಡುವಳು, ನಾನು ಹ್ಯಾಂಡಲ್ ಹಿಡಿದು ಮುಂದೆ ನಡುಗುವೆ. "ಚಕ್ರ ನೋಡ್ಬ್ಯಾಡಿ. ಓಗೋ ಕಡೆ ನೋಡಿ," ಎಂಬುದೊಂದೇ ಅವಳ ಬೋಧನೆ. ಇದರಲ್ಲಿ ವೇದಾಂತವಿದೆಯೆಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತಾದರೂ ವೇದಾಂತ ಯೋಚಿಸಿದಾಗಲೆಲ್ಲ ಬೀಳುತ್ತಿದ್ದುದರಿಂದ ಬಿಟ್ಟುಬಿಟ್ಟೆ. ಊರಿಗೆ ಸುದ್ದಿ ಹಬ್ಬಿತು. ಬೆಂಚಿನ ಸಭೆ ಮುನುಸಾಮಿಯವರ ನೇತೃತ್ವದಲ್ಲಿ ಬಯಲಿನ ಅಂಚಿಗೆ ಸ್ಥಳಾಂತರಗೊಂಡಿತು. ಹೆಂಡತಿ ಗಂಡನನ್ನು ಸೈಕಲ್ಲಿನ ಮೇಲೆ ತಳ್ಳುವ ದೃಶ್ಯಕ್ಕೆ ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅವಳು ಮಾತ್ರ ಅತ್ತ ತಿರುಗಲಿಲ್ಲ. ಒಂದು ದಿನ ಮುನುಸಾಮಿ ಇದ್ದಕ್ಕಿದ್ದಂತೆ "ಅಮ್ಮಾ, ವಿಡಾದೀಂಗ," ಎಂದು ಕೂಗಿದರು. ಬಿಡಬೇಡಿ ಎಂದು ಅವರು ಗಾಬರಿಯಿಂದ ಬೇಡಿಕೊಳ್ಳುವ ಹೊತ್ತಿಗೆ ಅವಳು ಬಿಟ್ಟು ಬಹಳ ಹೊತ್ತಾಗಿತ್ತು. ನಾನು ಒಬ್ಬನೇ ಹೋಗುತ್ತಿದ್ದೆ.

ಓಡಿಸುವುದು ಬಂದಿತ್ತು, ನಿಲ್ಲಿಸುವುದು ಬಂದಿರಲಿಲ್ಲ. ಆಂಡರ್ಸನ್‌ಪೇಟೆಯ ತಿರುವಿನಲ್ಲಿ ಕುಂಬಳಕಾಯಿಯ ಗಾಡಿಯೊಂದು ನನ್ನನ್ನು ನಿಲ್ಲಿಸಿತು. ಬಲಗೈಯ ಮಣಿಕಟ್ಟು ಉಳುಕಿ ಊದಿಕೊಂಡಿತು. ನಕಾಶೆ ಬರೆಯುವ ಕೈ ಅದು. ಅದೂ ಹೋದರೆ ಶೆಟ್ಟರ ಅಂಗಡಿಗೆ ಹೋಗಿ ತೋರಿಸಲು ನನ್ನ ಬಳಿ ಇನ್ನೇನೂ ಇರಲಿಲ್ಲ. ಆ ಸಂಜೆ ಮೊದಲ ಸಲ ರತ್ನಮ್ಮ ಹೆದರಿದಳು. ಕೈಗೆ ಬಿಸಿ ಎಣ್ಣೆ ತಿಕ್ಕುತ್ತ, "ಬಿಟ್ಬಿಡಿ. ನಮ್ಮಣ್ಣನ ಅತ್ರ ಓಗಿ ಇರಾಣ. ಅವ್ನು ಬ್ಯಾಡ ಅನ್ನಲ್ಲ," ಎಂದಳು.

ಅವಳ ಅಣ್ಣ ಬೇಡ ಎನ್ನುವವನಲ್ಲ, ನಿಜ. ಆದರೆ ಅಲ್ಲಿಯ ಜಗಲಿಯ ಮೇಲೆ ಕುಳಿತು ಪರರ ಅನ್ನ ಉಣ್ಣುತ್ತ, ಎಲ್ಲರ ಹತ್ತು ಗಂಟೆಗೂ ಅಡ್ಡವಾಗಿ ಮುದುಕನಾಗುವ ನನ್ನ ಚಿತ್ರ ಕಣ್ಣೆದುರು ಸ್ಪಷ್ಟವಾಗಿ ಮೂಡಿತು. "ಇನ್ನೂ ನಡೆಯೋಕೆ ಕಾಲಿದೆ, ತುಳಿಯೋಕೂ ಇದೆ," ಎಂದೆ. "ಕೈ ವಾಸಿಯಾಗೋವರೆಗೆ ಎಡಗೈಯಲ್ಲಿ ಬ್ರೇಕು ಹಿಡಿಯೋದು ಕಲೀತೀನಿ." ಅವಳು ಎಣ್ಣೆಯ ಬಟ್ಟಲು ಎತ್ತಿಟ್ಟಳು. ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಸೈಕಲ್ಲು ಬಾಗಿಲಲ್ಲಿ ನಿಂತಿತ್ತು. ಬಾಡಿಗೆಗೆ ಅವಳೇ ತಂದಿದ್ದಳು.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಹೊರಟೆ. ಎದುರುಗಾಳಿಯಿತ್ತು; ಲಾರಿ ಬಂದಾಗಲೆಲ್ಲ ಇಳಿದು ಅದಕ್ಕೆ ಗೌರವ ಸಲ್ಲಿಸಿದೆ. ಬಂಗಾರಪೇಟೆಯ ಅಂಗಡಿಯ ಮುಂದೆ, ಯಾವ ತರಕಾರಿಯ ಸಹಾಯವೂ ಇಲ್ಲದೆ, ನಿಂತೆ. ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದು ನನ್ನ ಧೂಳನ್ನೂ ಕೈಯ ಕಟ್ಟನ್ನೂ ನೋಡಿದರು. "ನೀವು ಬರಲ್ಲ ಅಂತ ಅಂದ್ಕೊಂಡಿದ್ನಲ್ಲ ಸಾರ್," ಎಂದರು. ನೀರು ಕೊಡಿಸಿ, ಆವತ್ತೇ ಒಂದು ಹಳ್ಳಿಯ ದಾರಿ ಹೇಳಿ ಕಳಿಸಿದರು.

ಆ ಬಾವಿಯ ಒಡೆಯ ಮುನಿವೆಂಕಟಪ್ಪ ಎಂಬ ರೈತ. ನಾನು ಕಟ್ಟೆಯ ಮೇಲೆ ಕುಳಿತು ನೋವಿನ ಕೈಯಲ್ಲೇ ಬಾವಿಯ ಚಿತ್ರ ಬರೆಯುತ್ತಿದ್ದಾಗ, ಗಂಡಹೆಂಡಿರಿಬ್ಬರೂ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಗೆರೆ ಸ್ವಲ್ಪ ನಡುಗಿತ್ತು. ಮುನಿವೆಂಕಟಪ್ಪ ಚಿತ್ರವನ್ನು ಹಿಡಿದು ಒಮ್ಮೆ ಅದನ್ನೂ ಒಮ್ಮೆ ಬಾವಿಯನ್ನೂ ನೋಡಿ, "ನಮ್ ಬಾವೀನೇ ಕಣಮ್ಮಿ," ಎಂದು ಹೆಂಡತಿಗೆ ತೋರಿಸಿದ. ಅಷ್ಟು ವರ್ಷ ಬರೆದ ಸುರಂಗಗಳ ಒಂದು ಗೆರೆಯನ್ನೂ ಯಾರೂ ತಮ್ಮದೆಂದು ಗುರುತಿಸಿ ಸಂತೋಷಪಟ್ಟಿರಲಿಲ್ಲ. ಕೆಲವು ವಾರಗಳ ಮೇಲೆ ಅಲ್ಲಿ ಮೋಟಾರು ತಿರುಗಿ ಕಾಲುವೆಗೆ ನೀರು ಬಿದ್ದಾಗ ಅವನ ಹೆಂಡತಿ ಅದನ್ನು ಮೊದಲು ತನ್ನ ಸೊಸೆಯ ಮುಖಕ್ಕೆ ಎರಚಿದಳು, ಆಮೇಲೆ ಸಂಕೋಚವಿಲ್ಲದೆ ನನ್ನ ಮುಖಕ್ಕೂ.

ಯುಗಾದಿಗೆ ಮುಂಚೆಯೇ ನಾವು ಬಂಗಾರಪೇಟೆಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದೆವು. ನಿವೃತ್ತಿ ಎಂದರೆ ಸುಮ್ಮನಿರಲು ಕಲಿಯುವುದೆಂದು ಕೇಳಿದ್ದೆ. ನನಗೆ ಆ ವಿದ್ಯೆ ಬರಲಿಲ್ಲ. ನನ್ನನ್ನು ತೆಗೆದುಹಾಕಿದ್ದರ ನೋವು ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ದಿನವೂ ಹೊರಡುವ ಗಡಿಬಿಡಿಯಲ್ಲಿ ಅದನ್ನು ನೆನೆಯಲು ಪುರಸೊತ್ತು ಕಡಿಮೆಯಾಯಿತು, ಅಷ್ಟೆ.

ಒಂದು ಸಂಜೆ ಬಾಗಿಲಲ್ಲಿ ಕುಳಿತು ಅವರೆಕಾಳು ಹಿಸುಕುತ್ತಿದ್ದ ರತ್ನಮ್ಮ ನಾಳೆ ಎಲ್ಲಿಗೆ ಎಂದು ಕೇಳಿದಳು. ಬೂದಿಕೋಟೆಯ ಕಡೆಗೆ ಎಂದೆ.

"ಅಲ್ಲಿ ಒಂದು ಕಡೆ ಏರು ಐತೆ," ಎಂದಳು, ಕಾಳಿನಿಂದ ಕಣ್ಣೆತ್ತದೆ. "ತುಳಿಯಕ್ಕಾಗ್ದಿದ್ರೆ ಇಳಿದು ತಳ್ಕೊಂಡೋಗಿ. ತಳ್ಳೋದ್ರಾಗೆ ಏನೂ ನಾಚ್ಕೆ ಇಲ್ಲ."

ಮಾರನೆಯ ದಿನ ಅಲ್ಲಿ ಇಳಿದೆ, ತಳ್ಳಿದೆ, ಏರು ಮುಗಿದ ಕೂಡಲೇ ಮತ್ತೆ ಹತ್ತಿದೆ.